ಐದನೇ ತಟ್ಟು

ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಹಳೆಯ ಪಾತ್ರೆಗಳ ಹಿಂದೆ ಒಂದು ತೆಂಗಿನಕಾಯಿ ಸಿಕ್ಕಿತು. ಜುಟ್ಟು ಒಣಗಿ ಉದುರಿತ್ತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ಒಳಗೆ ಕೊಬ್ಬರಿ ಗಡಗಡ ಉರುಳಿತು. ಉಗುರಿನಿಂದ ಚಿಪ್ಪಿನ ಮೇಲೆ ಒಂದು ಸಲ ತಟ್ಟಿದೆ. ಟಕ್. ಒಣ ನಾರು, ಧೂಳು, ಎಣ್ಣೆ ಎಲ್ಲಾ ಸೇರಿದ ಆ ವಾಸನೆ ಮೂಗಿಗೆ ಬಂತು… ನಾನು ಸ್ಟೂಲಿನಿಂದ ಇಳಿದು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಇದು ಚಿಕ್ಕಪ್ಪ ಕಳಿಸಿದ ಕಾಯಿ ಎಂದು ಬರೆದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಸುಳ್ಳು. ಅವನು ಹೋಗಿ ಹನ್ನೆರಡು ವರ್ಷವಾಯಿತು. ಇದು ಯಾವುದೋ ಪೂಜೆಗೆ ತಂದು ಮರೆತ ಕಾಯಿ. ಅವನ ವಿಷಯದಲ್ಲಿ ಇನ್ನೊಂದು ಸುಳ್ಳು ಸೇರಿಸುವುದು ಬೇಡ, ಇರುವುದೇ ಸಾಕು.

ಸ್ಟೂಲು ಹತ್ತಬಾರದು ಎಂದು ನನಗೆ ಕಟ್ಟಪ್ಪಣೆಯಾಗಿದೆ. ಐದು ತಿಂಗಳ ಹಿಂದೆ ನನಗೆ ಸ್ಟ್ರೋಕ್ ಆಯಿತು. ಎರಡು ತಿಂಗಳಲ್ಲಿ ಕೈಕಾಲು ಹಿಡಿತಕ್ಕೆ ಬಂದವು, ಮಾತು ಬರಲಿಲ್ಲ. ಓದುತ್ತೇನೆ, ಸ್ವಲ್ಪ ಸೊಟ್ಟಗೆ ಬರೆಯುತ್ತೇನೆ, ಮನಸ್ಸಿನೊಳಗೆ ಮೊದಲಿನ ಹಾಗೇ ಎಲ್ಲರನ್ನೂ ಬೈಯುತ್ತೇನೆ. ಬಾಯಿ ತೆರೆದರೆ ಮಾತ್ರ ಪದ ಹೊಸ್ತಿಲ ಹತ್ತಿರ ನಿಂತುಬಿಡುತ್ತದೆ. ಬೇಲೂರಿನ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಅರಳು ಹುರಿದಂತೆ ಮಾತಾಡಿದವಳು ನಾನು. ಕಿಟಕಿಯ ಮುಂದೆ ಬಂದ ರೈತ ಬಾಯಿ ತೆರೆಯುವುದರೊಳಗೆ "ಪಹಣಿನಾ? ಖಾತೆ ಬದಲಾವಣೆನಾ?" ಎಂದು ಕೇಳಿ, ಅವನು ತಲೆಯಾಡಿಸುವಷ್ಟರಲ್ಲಿ ಮುಂದಿನವನನ್ನು ಕರೆದಿರುತ್ತಿದ್ದೆ. ಚುರುಕು ಎಂದು ಹೆಸರಾಗಿತ್ತು. ಈಗ "ನೀರು" ಎನ್ನುವುದಕ್ಕೆ ಬೆವರು ಬರುತ್ತದೆ.

ಹಾಸನದ ಆಸ್ಪತ್ರೆಯಲ್ಲಿ ಮಾತು ಕಲಿಸಲು ಒಬ್ಬಳು ಹುಡುಗಿ ಇದ್ದಾಳೆ. ನನ್ನ ಮಗಳ ವಯಸ್ಸಿನವಳು. ಮೊದಲ ದಿನವೇ ಹೇಳಿದಳು: "ನಿಮ್ ನಾಲಿಗೆ ಚೆನ್ನಾಗಿದೆ ಮೇಡಂ. ತುಟಿ, ಗಂಟಲು, ಉಸಿರು, ಎಲ್ಲಾ ಚೆನ್ನಾಗಿವೆ. ಟೈಮಿಗೆ ಸರಿಯಾಗಿ ಒಂದಕ್ಕೊಂದು ಸೇರ್ತಿಲ್ಲ ಅಷ್ಟೇ." ನನ್ನ ಕೈಯನ್ನು ನನ್ನ ಗಂಟಲಿನ ಮೇಲೆ ಇಡಿಸಿ ಪ ಎನ್ನಿಸಿದಳು, ಬ ಎನ್ನಿಸಿದಳು. ಎರಡಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದಂತೆ. ಗಂಟಲಿನ ನಡುಕ ಕೂದಲೆಳೆಯಷ್ಟು ಮುಂಚೆ ಬಂದರೆ ಬ, ಅಷ್ಟೇ ತಡವಾದರೆ ಪ. ಐವತ್ತೇಳು ವರ್ಷ ಈ ಬಾಯಿಯನ್ನು ಇಟ್ಟುಕೊಂಡು ಬದುಕಿದ್ದೇನೆ, ನನಗೆ ಇದು ಗೊತ್ತಿರಲಿಲ್ಲ. ಇಬ್ಬರು ಮಾತಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಇರುತ್ತದಂತೆ. ಅದಕ್ಕಿಂತ ಹೆಚ್ಚಾದರೆ ಎದುರಿನವರಿಗೆ ಕಸಿವಿಸಿ. ಏನೋ ತಪ್ಪಾಗಿದೆ ಎಂದುಕೊಂಡು ತಾವೇ ಮಾತು ತುಂಬಿಬಿಡುತ್ತಾರೆ.

ಆಮೇಲೆ ಅವಳು, "ಎಡಗೈಲಿ ಟೇಬಲ್ ತಟ್ಟಿ ಮೇಡಂ. ಮೊದಲು ಒಂದಷ್ಟು ಸಲ ಸುಮ್ನೆ ತಟ್ಟಿ, ಆಮೇಲೆ ಆ ಲಯಕ್ಕೆ ಮಾತು ಸೇರಿಸಿ," ಎಂದಳು. ನಾನು ನಾಲ್ಕು ಸಲ ತಟ್ಟಿ ಐದನೆಯದಕ್ಕೆ ಬಾಯಿ ತೆರೆದೆ. "ನೀರು" ಬಂತು. ಅವಳು ಖುಷಿಯಾಗಿ, "ನಾಲ್ಕು ತಟ್ಟೋದು ಯಾರು ಹೇಳಿಕೊಟ್ರು?" ಎಂದು ಕೇಳಿದಳು. ಪಾಪ, ಬಾಯಿ ಬರದೆ ಸುಮ್ಮನಾದರು ಎಂದುಕೊಂಡಳು. ಬಾಯಿ ಬಂದಿದ್ದರೂ ಅವತ್ತು ನಾನು ಹೇಳುತ್ತಿರಲಿಲ್ಲ.

ಮನೆಯ ಊಟದ ಮೇಜಿಗೆ ದಪ್ಪ ಪ್ಲಾಸ್ಟಿಕ್ ಹಾಸಿದ್ದೇವೆ. ತಟ್ಟಿದರೆ ಸದ್ದೇ ಇಲ್ಲ. ಸದ್ದು ಬರುವಂಥದ್ದು ಏನಾದರೂ ಸಿಗಲಿ ಎಂದು ಹುಡುಕುತ್ತ ಹಲಗೆಗೆ ಕೈ ಹಾಕಿದ್ದು. ಸಿಕ್ಕಿದ್ದು ಈ ಕಾಯಿ.

ಚಿಕ್ಕಪ್ಪ ನನ್ನ ಅಪ್ಪನ ತಮ್ಮ. ಅಪ್ಪ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಗಂಡಸಿಯಿಂದ ಮೂರು ಮೈಲಿ ನಮ್ಮೂರು. ತೋಟ, ಎರಡು ಎಮ್ಮೆ, ಅವ್ವ, ನಾನು, ಎಲ್ಲವೂ ಚಿಕ್ಕಪ್ಪನ ಹೆಗಲಿಗೆ ಬಿದ್ದವು. ಅವನು ಮದುವೆಯಾಗಲಿಲ್ಲ. ಹೆಣ್ಣು ನೋಡಲು ಎರಡು ಸಲ ಹೋಗಿದ್ದನಂತೆ. ಎರಡೂ ಕಡೆ ಹೆಸರು ಕೇಳಿದರಂತೆ, ಅಲ್ಲಿಗೇ ಮುಗಿಯಿತಂತೆ. ಅವನಿಗೆ ಉಗ್ಗು ಇತ್ತು. ಎಲ್ಲ ಪದಕ್ಕಿಂತ ಅವನ ಹೆಸರೇ ಅವನಿಗೆ ಕಷ್ಟ. ಅದಕ್ಕೇ ನಾನೂ ಇಲ್ಲಿ ಆ ಹೆಸರು ಬರೆಯುತ್ತಿಲ್ಲ.

ಊರಿನಲ್ಲಿ ಅವನ ಬೆನ್ನ ಹಿಂದೆ "ಉಗ್ಗ" ಎನ್ನುತ್ತಿದ್ದರು, ನನ್ನನ್ನು "ಉಗ್ಗನ ಮಗಳು" ಎನ್ನುತ್ತಿದ್ದರು. ಆದರೆ ಎಮ್ಮೆಯ ಹತ್ತಿರ ಅವನ ಮಾತು ಒಂದೂ ತೊಡರುತ್ತಿರಲಿಲ್ಲ. ಸೋಮವಾರ ಮಠದ ಭಜನೆಯಲ್ಲಿ ಹತ್ತು ಜನರ ದನಿಯೊಳಗೆ ಅವನ ದನಿ ನೀರಿನಂತೆ ಹರಿಯುತ್ತಿತ್ತು. ಮತ್ತೆ ಕೊಬ್ಬರಿ ಮನೆಯಲ್ಲಿ… ಅಲ್ಲಿ ಅವನು ಬೇರೆಯೇ ಮನುಷ್ಯ.

ನಮ್ಮ ಕಡೆ ಕಾಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನಿಂದ ತಾನೇ ಬಿಟ್ಟುಕೊಂಡು ಉಂಡೆಯಾಗಿ ಉರುಳಬೇಕು. ಆಮೇಲೆ ಸಿಪ್ಪೆ ಸುಲಿದು, ಮಚ್ಚಿನ ಬೆನ್ನಿನಿಂದ ಸುತ್ತಲೂ ಹದವಾಗಿ ತಟ್ಟಿ ಚಿಪ್ಪು ಬಿಡಿಸುವುದು. ಅವಸರಪಟ್ಟು ಹಸಿ ಇರುವಾಗಲೇ ಒಡೆದರೆ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡು ಚೂರಾಗುತ್ತದೆ. ಚಿಕ್ಕಪ್ಪ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಡೆಯುವುದನ್ನು ಬಲಕ್ಕೆ, ಇನ್ನೂ ಕಾಯಬೇಕಾದದ್ದನ್ನು ಎಡಕ್ಕೆ ಇಡುತ್ತಿದ್ದ. ಗೋಣಿಚೀಲದ ಮೇಲೆ ಕೂತು ಟಕ್, ಟಕ್, ಟಕ್, ಟಕ್ ಎಂದು ನಾಲ್ಕು ಪೆಟ್ಟು ಹಾಕಿ, ಐದನೆಯದರ ಜೊತೆ ಮಾತು ಶುರುಮಾಡುತ್ತಿದ್ದ. ತಟ್ಟಿಗೊಂದು ಪದ. ಅಜ್ಜನ ಕಾಲದ ಕಥೆ, ಎಮ್ಮೆಯ ತಂಟೆ, ಪಕ್ಕದ ತೋಟದವನ ಜಿಪುಣತನ, ಎಲ್ಲವನ್ನೂ ನಾನು ಕೇಳಿದ್ದು ಆ ಸದ್ದಿನ ಜೊತೆ. ಪಕ್ಕದ ತೋಟದವನ ಹಾಗೆ ಮೂಗು ಹಿಂಡಿಕೊಂಡು ಮಾತಾಡಿ ತೋರಿಸುತ್ತಿದ್ದ, ಅವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಚಿಕ್ಕಪ್ಪ ತಮಾಷೆಯ ಮನುಷ್ಯ ಎಂದು ಊರಿಗೆ ಗೊತ್ತೇ ಇರಲಿಲ್ಲ.

ಒಮ್ಮೆ ಕೇಳಿದ್ದೆ, ನಾಲ್ಕೇ ಯಾಕೆ ಚಿಕ್ಕಪ್ಪ ಅಂತ.

"ಹಗ್ಗ ಆಡೋವಾಗ... ನೀನು... ಓಡೋಗಿ... ನುಗ್ಗ್ತೀಯಾ?" ಎಂದ, ತಟ್ಟಿಗೊಂದು ಪದದಂತೆ. "ನಿಂತ್ಕಂಡು... ನೋಡ್ತೀಯ. ಆಮ್ಯಾಕೆ... ನುಗ್ಗ್ತೀಯ."

ನಿಜ. ಇಬ್ಬರು ಹಗ್ಗ ತಿರುಗಿಸುತ್ತಿದ್ದರೆ ಯಾವ ಹುಡುಗಿಯೂ ಕಣ್ಣುಮುಚ್ಚಿ ನುಗ್ಗುವುದಿಲ್ಲ. ಒಂದು ಸುತ್ತು, ಎರಡು ಸುತ್ತು ನೋಡಿ, ತಲೆಯಲ್ಲಿ ಅದರ ಲಯ ಕೂತ ಮೇಲೆ ಒಳಗೆ ಹೋಗುತ್ತಾಳೆ. ಆಸ್ಪತ್ರೆಯ ಹುಡುಗಿ ಯಂತ್ರ, ಚಿತ್ರ ಎಲ್ಲ ಇಟ್ಟುಕೊಂಡು ಹೇಳಿದ್ದನ್ನು ಅವನು ಗೋಣಿಚೀಲದ ಮೇಲೆ ಕೂತು ಹೇಳಿದ್ದ.

ಅವನ ಮಾತನ್ನು ನಾನು ಮುಗಿಸತೊಡಗಿದ್ದು ಗಂಡಸಿಯ ಹೈಸ್ಕೂಲಿಗೆ ಸೇರಿದ ದಿನ. ಸೇರಿಸಲು ಚಿಕ್ಕಪ್ಪ ಬಂದಿದ್ದ. ಮೇಜಿನ ಆಚೆ ಕೂತವರು ಪೋಷಕರ ಹೆಸರು ಕೇಳಿದರು. ಇವನ ಕುತ್ತಿಗೆಯ ನರ ಉಬ್ಬಿತು, ಕಣ್ಣು ಮೇಲಕ್ಕೆ ಹೋಯಿತು. ಅವರು ಪೆನ್ನು ಹಿಡಿದು ಕಾದರು, ಆಮೇಲೆ ಕಿಟಕಿಯ ಕಡೆ ನೋಡಿದರು. ನಾನು ಥಟ್ಟನೆ ಅವನ ಹೆಸರು ಹೇಳಿಬಿಟ್ಟೆ. ಹೊರಗೆ ಬಂದ ಮೇಲೆ ಚಿಕ್ಕಪ್ಪ ನನ್ನ ತಲೆ ಸವರಿದ. ಅವನಿಗೆ ಹಾಯೆನಿಸಿತ್ತು, ಅದರಲ್ಲಿ ಅನುಮಾನವಿಲ್ಲ. ಅವತ್ತಿನಿಂದ ಅಂಗಡಿಯಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಯಲ್ಲಿ ನಾನೇ ಅವನ ಬಾಯಾದೆ. ಸಹಾಯ ಎಂದು ಶುರುವಾದದ್ದು. ಯಾವಾಗ ಅದು ಸಹಾಯವಾಗಿ ಉಳಿಯಲಿಲ್ಲವೋ… ಬಹುಶಃ ಕಾಲೇಜಿಗೆ ಹೋದ ಮೇಲೆ. ಅವನು ಹೇಳಲಾರ ಎಂದು ನಾನು ಮುಗಿಸುತ್ತಿರಲಿಲ್ಲ, ಪಕ್ಕದಲ್ಲಿ ನಿಂತು ಕಾಯಲು ನನಗೆ ನಾಚಿಕೆಯಾಗುತ್ತಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಎಂದ ಪುಣ್ಯಾತ್ಮರ ಮನೆಯಲ್ಲಿ ಉಗ್ಗುವವರು ಯಾರೂ ಇರಲಿಲ್ಲವೇನೋ.

ನನಗೆ ಗಂಡಸಿಯಲ್ಲಿ ಕೆಲಸ ಸಿಕ್ಕಿ ಎರಡನೇ ವರ್ಷ ಬೇಲೂರಿನಿಂದ ಸಂಬಂಧ ಬಂತು. ಹುಡುಗ ಹಳೇಬೀಡಿನಲ್ಲಿ ಮೇಷ್ಟ್ರು. ಮನೆತುಂಬ ಓದಿದವರು, ಮಾತಿನ ಮಲ್ಲರು. ಒಪ್ಪಿಗೆಯಾಯಿತು. ಅರಸೀಕೆರೆಯಲ್ಲಿ ನಿಶ್ಚಿತಾರ್ಥ ಎಂದಾಯಿತು.

ನಮ್ಮಲ್ಲಿ ನಿಶ್ಚಿತಾರ್ಥವೆಂದರೆ ಉಂಗುರ ಅಲ್ಲ, ಮಾತು. ಹೆಣ್ಣಿನ ಕಡೆಯ ಹಿರಿಯರು ಎಲೆಅಡಿಕೆ, ಕಾಯಿ ಹಿಡಿದು ಸಭೆಯ ಎದುರು ನಿಂತು "ನಮ್ಮ ಹೆಣ್ಣನ್ನ ನಿಮ್ಮ ಮನೆಗೆ ಕೊಟ್ಟೆವು" ಎನ್ನಬೇಕು. ಗಂಡಿನ ಕಡೆಯವರು "ತಂದೆವು" ಎನ್ನಬೇಕು. ಹೀಗೆ ಮೂರು ಸಲ. ಬಾಯಲ್ಲಿ ಬಂದರೇ ಲೆಕ್ಕ.

"ನೀನು ಹೇಳ್ತೀಯೇನಪ್ಪ?" ಎಂದು ಅವ್ವ ಚಿಕ್ಕಪ್ಪನನ್ನು ಕೇಳಿದಳು. ಅವನು ಹೂಂ ಎನ್ನುವಂತೆ ಜೋರಾಗಿ ತಲೆಯಾಡಿಸಿದ.

ಮಾರನೆಯ ದಿನದಿಂದ ಕೊಬ್ಬರಿ ಮನೆಯಿಂದ ಅದೇ ಕೇಳುತ್ತಿತ್ತು. ಟಕ್ ಟಕ್ ಟಕ್ ಟಕ್. ನಮ್ಮ. ಹೆಣ್ಣನ್ನ. ನಿಮ್ಮ. ಮನೆಗೆ. ಕೊಟ್ಟೆವು. ಮಚ್ಚಿನಿಂದ ಶುರುಮಾಡಿದವನು ಆಮೇಲೆ ಉಗುರಿಗೆ ಬಂದ. ಸಭೆಯಲ್ಲಿ ಮಚ್ಚು ಹಿಡಿಯಲಾಗುವುದಿಲ್ಲವಲ್ಲ. ಕೈಯಲ್ಲಿ ಹೇಗೂ ಕಾಯಿ ಇರುತ್ತದೆ, ಅದರ ಅಡಿಯಲ್ಲಿ ಯಾರಿಗೂ ಕಾಣದಂತೆ ಬೆರಳಾಡಿಸಿದರಾಯಿತು. ಒಂದು ಸಂಜೆ ನನ್ನನ್ನು ಕರೆದು ತೋರಿಸಿದ. ಐದನೇ ತಟ್ಟಿಗೆ "ನಮ್ಮ" ಬಂತು, ಎಲ್ಲೂ ತೊಡರದೆ "ಕೊಟ್ಟೆವು" ತನಕ ಹೋಯಿತು. ಮುಖ ಅರಳಿಸಿಕೊಂಡು ನನ್ನನ್ನೇ ನೋಡಿದ. ಚೆನ್ನಾಗಿದೆ ಎಂದೆ.

ಅದಾಗಿ ಎರಡು ದಿನಕ್ಕೆ, ಸೀರೆ ತರುವ ನೆಪದಲ್ಲಿ ಅರಸೀಕೆರೆಗೆ ಹೋಗಿ ಸೋದರಮಾವನನ್ನು ಕಂಡೆ. ಅವರು ಅಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದರು. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು.

"ಸಭೇಲಿ ನೀವೇ ಹೇಳಿ ಮಾವ," ಎಂದೆ.

ಮಾವ ಒಪ್ಪಲಿಲ್ಲ. "ಸಾಕ್ದೋನು ಅವ್ನು ಕಣವ್ವ. ಅವ್ನ ಬಾಯಲ್ಲೇ ಬರ್ಲಿ. ಒಂದ್ ಗಳಿಗೆ ತಡ ಆದ್ರೆ ಯಾರ ಗಂಟು ಹೋಯ್ತದೆ?"

ನನ್ನ ಹತ್ತಿರ ಕಾರಣಗಳಿದ್ದವು. ಅವರ ಮನೆಯವರು ನಗುತ್ತಾರೆ. ಉಗ್ಗು ವಂಶದಲ್ಲಿ ಬರುತ್ತದೇನೋ ಎಂದು ಯಾರಾದರೂ ಎತ್ತಿದರೆ? ಇವೆಲ್ಲ ಮಾವನಿಗೆ ಹೇಳಿದ್ದು. ಒಳಗಿದ್ದದ್ದು ಬೇರೆ. ಉಗ್ಗನ ಮಗಳಾಗಿ ಇಪ್ಪತ್ತು ವರ್ಷ ಇದ್ದಾಯಿತು, ಬೇಲೂರಿನಲ್ಲಿ ಆ ಹೆಸರು ಬೇಡ ಎಂದು ಇತ್ತು. ಕೊನೆಗೆ ಒಂದು ಒಪ್ಪಂದವಾಯಿತು. ಮೊದಲು ಚಿಕ್ಕಪ್ಪನಿಗೇ ಬಿಡುವುದು. ಅವನು ತೊಡರಿ ನಿಂತರೆ ನಾನು ಮಾವನ ಕಡೆ ನೋಡುತ್ತೇನೆ. ನೋಡಿದ ಕೂಡಲೇ ಮಾವ ಹೇಳಿಬಿಡುವುದು.

ರೈಲ್ವೆ ಸ್ಟೇಷನ್ನಿನ ಹತ್ತಿರದ ಚಿಕ್ಕ ಛತ್ರ. ಚಿಕ್ಕಪ್ಪ ಹೊಸ ಪಂಚೆ ಉಟ್ಟು, ಹಣೆತುಂಬ ವಿಭೂತಿ ಹಚ್ಚಿ, ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು ಬಂದಿದ್ದ. ನಾನು ತಲೆ ತಗ್ಗಿಸಿ ಮಣೆಯ ಮೇಲೆ ಕೂತಿದ್ದೆ. ಶಾಸ್ತ್ರ ಮಾಡಿಸುತ್ತಿದ್ದ ಅಯ್ಯನವರು, "ಹೆಣ್ಣಿನ ಕಡೆಯೋರು ಹೇಳ್ರಪ್ಪ," ಎಂದರು. ಚಿಕ್ಕಪ್ಪ ಎಲೆಅಡಿಕೆ, ಕಾಯಿ ಹಿಡಿದು ಎದ್ದು ನಿಂತ. ಸಭೆ ಸುಮ್ಮನಾಯಿತು.

ಒಂದು. ಅವನ ಬೆರಳು ಕಾಯಿಯ ಅಡಿಯಲ್ಲಿ ಅಲುಗಿದ್ದು ನನಗೆ ಕಂಡಿತು.

ಎರಡು. ಎದುರು ಕೂತ ಹೆಂಗಸೊಬ್ಬಳು ಪಕ್ಕದವಳ ಮುಖ ನೋಡಿದಳು.

ಮೂರು.

ನಾನು ಮಾವನ ಕಡೆ ನೋಡಿದೆ.

ಇಲ್ಲಿ ನಾನು ಸರಿಯಾಗಿ ಬರೆಯಬೇಕು. ಚಿಕ್ಕಪ್ಪ ತೊಡರಿರಲಿಲ್ಲ. ನರ ಉಬ್ಬಿರಲಿಲ್ಲ, ಕಣ್ಣು ಮೇಲಕ್ಕೆ ಹೋಗಿರಲಿಲ್ಲ. ಅವನು ಇನ್ನೂ ಶುರುವೇ ಮಾಡಿರಲಿಲ್ಲ. ಮೂರಾಯಿತು, ನಾಲ್ಕು ಬಾಕಿ, ಐದಕ್ಕೆ ಮಾತು ಬರುತ್ತದೆ ಎಂದು ಆ ಸಭೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಮಿಕ್ಕವರಿಗೆ ಅದು ಬರೀ ಮೌನ. ಅವರು ಕಸಿವಿಸಿಪಟ್ಟರೆ ಅವರ ತಪ್ಪಲ್ಲ. ನಾನು ಎಣಿಸುತ್ತಿದ್ದೆ. ಎಣಿಸುತ್ತಲೇ ನೋಡಿದೆ. ಆ ಎರಡು ತಟ್ಟಿನ ಹೊತ್ತು ನನ್ನಿಂದ ಸಹಿಸಲಾಗಲಿಲ್ಲ.

ನಾಲ್ಕನೇ ತಟ್ಟಿಗೆ ಸರಿಯಾಗಿ ಮಾವನ ದನಿ ಎದ್ದಿತು. "ನಮ್ಮ ಹೆಣ್ಣನ್ನ ನಿಮ್ಮ ಮನೆಗೆ..." ಅದರ ಮೇಲೆಯೇ ಐದನೆಯದಕ್ಕೆ ಚಿಕ್ಕಪ್ಪನ "ನಮ್ಮ" ಬಂತು. ಸ್ವಚ್ಛವಾಗಿ ಬಂತು. ಒಂದು ಚೂರೂ ತೊಡರಿರಲಿಲ್ಲ. "ಏನ್ರಪ್ಪೋ, ಇಬ್ಬಿಬ್ರು ಕೊಡ್ತಾವ್ರೆ!" ಎಂದು ಹಿಂದಿನಿಂದ ಯಾರೋ ಅಂದರು. ಸಭೆ ನಕ್ಕಿತು. ಕೆಟ್ಟ ನಗು ಏನಲ್ಲ, ಮದುವೆ ಮನೆಯ ನಗು. ಚಿಕ್ಕಪ್ಪ ಬಾಯಿ ಮುಚ್ಚಿದ. ಮಾವನ ಕಡೆ ನೋಡಿದ, ಆಮೇಲೆ ನನ್ನ ಕಡೆ ನೋಡಿದ. ನಾನು ಮಣೆಯ ರಂಗೋಲಿ ನೋಡಿದೆ. ಉಳಿದ ಎರಡು ಸಲವೂ ಮಾವನೇ ಹೇಳಿದರು. ಚಿಕ್ಕಪ್ಪ ಕಾಯನ್ನು ತಟ್ಟೆಯಲ್ಲಿ ಇಟ್ಟು, ಊಟದ ಪಂಕ್ತಿಯ ಕಡೆ ಎಲೆ ಹಾಕಿಸಲು ಹೋದ.

ಅಂದು ಸಂಜೆ ಅವ್ವ, "ಪಾಪ, ಗಾಬರಿ ಬಿದ್ದುಬುಟ್ಟ," ಎಂದಳು. ನಾನು ಹೂಂ ಎಂದೆ.

ಮದುವೆಯಾದ ವರ್ಷ ಗೌರಿಹಬ್ಬಕ್ಕೆ ತವರಿಗೆ ಹೋಗಿದ್ದೆ. ಚಿಕ್ಕಪ್ಪ ಕೊಬ್ಬರಿ ಮನೆಯಲ್ಲಿದ್ದ. ಹೋಗಿ ಅವನ ಎದುರು ಕೂತೆ. ಅವನು ಬೇಲೂರಿನ ಮನೆ, ನೀರು, ಅತ್ತೆ ಎಲ್ಲ ವಿಚಾರಿಸಿದ. ಆಮೇಲೆ ಬಹಳ ಹೊತ್ತು ಬರೀ ಚಿಪ್ಪು ಬಿಡಿಸಿದ. ಒಂದು ಹೊಸ ಕಾಯಿ ಎತ್ತಿ ಅಲ್ಲಾಡಿಸಿ, ನಾಲ್ಕು ತಟ್ಟಿ, ತಲೆ ಎತ್ತದೆ ಹೇಳಿದ:

"ನಿಂಗೆ... ಗೊತ್ತಿತ್ತಲ್ಲ... ಮಗ. ಐದ್ನೇದು."

ಆಗ ಅವನ ಕಾಲು ಹಿಡಿದುಕೊಂಡಿದ್ದರೆ… ಹಿಡಿದುಕೊಳ್ಳಲಿಲ್ಲ. ಏನೂ ತಿಳಿಯದವಳ ಹಾಗೆ, "ಏನು ಚಿಕ್ಕಪ್ಪ?" ಎಂದು ಕೇಳಿದೆ.

ಅವನ ಜೊತೆ ಇಪ್ಪತ್ತು ವರ್ಷ ಬೆಳೆದವಳು. ಒಂದು ಸಲ ಹೇಳಿದ್ದನ್ನು ಇನ್ನೊಂದು ಸಲ ಹೇಳು ಎನ್ನುವುದು ಅವನಿಗೆ ಎಂಥ ಬೆಟ್ಟ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ. ಅವನು ನನ್ನನ್ನು ಒಂದು ಗಳಿಗೆ ನೋಡಿದ. ಇಲ್ಲ ಎನ್ನುವಂತೆ ತಲೆಯಾಡಿಸಿ ಕಾಯಿ ತಟ್ಟುತ್ತ ಹೋದ. ನಮ್ಮಿಬ್ಬರ ನಡುವೆ ಆ ವಿಷಯ ಅಲ್ಲಿಗೆ ಮುಗಿಯಿತು. ಸಭೆಯಲ್ಲಿ ಮಾಡಿದ್ದಕ್ಕೆ ವಯಸ್ಸು, ಭಯ ಎಂದೇನಾದರೂ ನೆಪ ಹೇಳಬಹುದು. ಈ "ಏನು ಚಿಕ್ಕಪ್ಪ"ಗೆ ನನ್ನ ಹತ್ತಿರ ನೆಪವೂ ಇಲ್ಲ.

ಆಮೇಲೂ ಅವನು ಬರುತ್ತಿದ್ದ. ಮಗಳು ಹುಟ್ಟಿದಾಗ ಬಂದ, ವರ್ಷಕ್ಕೊಂದು ಸಲ ಕೊಬ್ಬರಿ ಚೀಲ ಹೊತ್ತು ಬಂದ. ನಮ್ಮ ಮನೆಯಲ್ಲಿ ಮಾತ್ರ ಎಲ್ಲಿಯೂ ಏನನ್ನೂ ತಟ್ಟುತ್ತಿರಲಿಲ್ಲ. ನಗುತ್ತಿದ್ದ, ತಲೆಯಾಡಿಸುತ್ತಿದ್ದ, ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡುತ್ತಿದ್ದ. ನನ್ನ ಮಗಳಿಗೆ ಚಿಕ್ಕತಾತ ಎಂದರೆ ಮಾತಾಡದ ತಾತ. ಮೂಗು ಹಿಂಡಿಕೊಂಡು ಪಕ್ಕದ ತೋಟದವನನ್ನು ಅಣಕಿಸುವ ತಾತನನ್ನು ಅವಳು ನೋಡಲೇ ಇಲ್ಲ.

ಮೊಬೈಲು ಬಂದ ಮೇಲೆ ಯಾವಾಗಲಾದರೊಮ್ಮೆ ಅವನಿಂದ ಫೋನು ಬರುತ್ತಿತ್ತು. ಎತ್ತಿದರೆ ಮೊದಲು ಉಗುರಿನ ಸದ್ದು. ಕಚೇರಿಯಲ್ಲಿ ಎದುರಿಗೆ ಸಾಲು ನಿಂತಿರುತ್ತಿತ್ತು. ಎರಡನೆಯದೋ ಮೂರನೆಯದೋ ಸದ್ದಿಗೆ ನಾನೇ, "ಹೂಂ ಚಿಕ್ಕಪ್ಪ, ಎಲ್ಲಾ ಚೆನ್ನಾಗಿದೀವಿ, ಅವಳಿಗೆ ಪರೀಕ್ಷೆ ಇದೆ, ಹಬ್ಬಕ್ಕೆ ಬರ್ತೀವಿ, ಇಡ್ಲಾ?" ಎಂದು ಎಲ್ಲ ಮುಗಿಸಿ ಇಟ್ಟುಬಿಡುತ್ತಿದ್ದೆ. ಅವನು ಏನು ಹೇಳಲು ಫೋನು ಮಾಡುತ್ತಿದ್ದ ಎಂದು ನನಗೆ ಒಂದು ಸಲವೂ ತಿಳಿಯಲಿಲ್ಲ… ಎಮ್ಮೆ ಕರು ಹಾಕಿದ್ದೇ ಇರಬಹುದು. ಬೇರೆ ಏನೋ ಇರಬಹುದು.

ಅವನು ತೀರಿಕೊಂಡ ದಿನ ಅಂಗಳದಲ್ಲಿ ಸೇರಿದವರೆಲ್ಲ, "ಪಾಪ, ಮಾತಿಲ್ಲದ ಮನುಷ್ಯ," ಎಂದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗುವ ಮುಂಚೆಯೇ ಅದು ಅಳುವಾಯಿತು.

ನಮ್ಮ ಯಜಮಾನರು ಒಳ್ಳೆಯವರು. ಮೇಷ್ಟ್ರಾಗಿದ್ದು ನಿವೃತ್ತರಾದವರು, ಮಕ್ಕಳ ಉತ್ತರವನ್ನು ತಾವೇ ಮುಗಿಸುವ ಅಭ್ಯಾಸ ಮೊದಲಿನಿಂದಲೂ ಇತ್ತು. ಈಗ ನನ್ನ ಮಾತನ್ನೆಲ್ಲ ಅವರೇ ಮುಗಿಸುತ್ತಾರೆ. ನಾನು ಬಾಯಿ ತೆರೆದರೆ "ಕಾಫಿನಾ? ಫ್ಯಾನಾ? ಮಗಳಿಗೆ ಫೋನ್ ಮಾಡ್ಲಾ?" ಎಂದು ಒಂದೊಂದಾಗಿ ಕೇಳುತ್ತಾರೆ. ಬೇಡದ ಕಾಫಿಯನ್ನು ದಿನಕ್ಕೆ ಮೂರು ಸಲ ಕುಡಿಯುತ್ತಿದ್ದೇನೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಯೋಗ್ಯತೆ ನನಗಿಲ್ಲ.

ಅವರು ನೆಂಟರು ಸೇರಿದಾಗಲೆಲ್ಲ ಹೇಳುವ ಒಂದು ಕಥೆಯಿದೆ. "ನಮ್ಮ ನಿಶ್ಚಿತಾರ್ಥದ ದಿನ ಇವಳ ಚಿಕ್ಕಪ್ಪ ಕಾಯಿ ಹಿಡ್ಕೊಂಡು ಕಂಬದ ಹಾಗೆ ನಿಂತ್ಬಿಟ್ರು ನೋಡಿ, ಹೆದರಿ. ಇವಳ ಸೋದರಮಾವ ಇಲ್ದಿದ್ರೆ ನನಗೆ ಹೆಣ್ಣೇ ಸಿಕ್ತಿರಲಿಲ್ಲ!" ಎಲ್ಲರೂ ನಗುತ್ತಾರೆ. ಮೂವತ್ತು ವರ್ಷದಿಂದ ನಾನೂ ನಕ್ಕಿದ್ದೇನೆ. ಬಾಯಿ ಚೆನ್ನಾಗಿದ್ದ ಅಷ್ಟೂ ವರ್ಷ, ಅಲ್ಲ ಕಣ್ರೀ, ಹಾಗಲ್ಲ ಎಂದು ಒಂದು ಸಲವೂ ಅನ್ನಲಿಲ್ಲ. ಹೋದ ವಾರ ನನ್ನನ್ನು ನೋಡಲು ಬಂದವರ ಎದುರು ಅದೇ ಕಥೆ ಮತ್ತೆ ಬಂತು. ಹೇಳಬೇಕು ಎಂದು ನನಗೆ ಅನಿಸಿದ್ದು ಆಗ, ಹೇಳಲು ಆಗದೆ ಹೋದ ಮೇಲೆ.

ಇದನ್ನೆಲ್ಲ ಬರೆದು ಅವರ ಕೈಗೆ ಕೊಡಬಹುದು. ಓದುತ್ತಾರೆ, ಬೇಜಾರು ಮಾಡಿಕೊಳ್ಳುತ್ತಾರೆ, ಹೋಗಲಿ ಬಿಡು ಎನ್ನುತ್ತಾರೆ. ಆದರೆ ನಾನು ಅವನಿಂದ ಕಿತ್ತುಕೊಂಡದ್ದು ಬಾಯಲ್ಲಿ ಹೇಳುವ ಮಾತು. ನಾನೂ ಬಾಯಲ್ಲೇ ಹೇಳಬೇಕು. ಕಾಯಿ ಸಿಕ್ಕಿದ ದಿನದಿಂದ, ಅವರು ವಾಕಿಂಗಿಗೆ ಹೋದ ಹೊತ್ತಿನಲ್ಲಿ, ಎರಡೇ ಎರಡು ಪದ ಅಭ್ಯಾಸ ಮಾಡಿದೆ. ಹೆದರಿರಲಿಲ್ಲ. ಎಣಿಸ್ತಿದ್ದ.

ಇವತ್ತು ಬೆಳಿಗ್ಗೆ ಅವರು ಪೇಪರ್ ಓದುತ್ತಿದ್ದರು. ಹೋಗಿ ಎದುರು ಕೂತು ಕಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಒಂದು ತಟ್ಟಿದೆ. ಪೇಪರ್ ಇಳಿಸಿದರು. ಎರಡು. ಮೂರು ಎನ್ನುವಷ್ಟರಲ್ಲಿ, "ಕಾಫಿನಾ? ತರ್ತೀನಿ ಇರು," ಎಂದು ಎದ್ದರು. ನಾನು ಅವರ ಅಂಗಿಯ ಚುಂಗು ಹಿಡಿದು ಕೂರಿಸಿದೆ. ಮತ್ತೆ ಮೊದಲಿನಿಂದ ತಟ್ಟಿದೆ. ಮೂರಕ್ಕೆ ಅವರ ತುಟಿ ಅಲುಗಿತು, ನಾನು ಇನ್ನೊಂದು ಕೈ ಎತ್ತಿ ತಡೆದೆ. ಅವರ ಮುಖದಲ್ಲಿ ಆ ಕಸಿವಿಸಿ ಕಂಡಿತು. ಕಾಯುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿಲ್ಲವೇ. ಆದರೂ ಅವರು ಕಾದರು.

ಐದು.

"ಹೆದರಿ... ರ್ಲಿಲ್ಲ," ಎಂದೆ. "ಎಣಿಸ್ತಿದ್ದ."

ಅವರಿಗೆ ಅರ್ಥವಾಗಲಿಲ್ಲ. ಆಗುವುದಾದರೂ ಹೇಗೆ? ಮುಂದಕ್ಕೆ ಬಾಗಿ ಮೆಲ್ಲಗೆ, "ಏನು? ಯಾರು?" ಎಂದು ಕೇಳಿದರು. ಅವರು ನಿಜವಾಗಿಯೂ ತಿಳಿಯದೆ ಕೇಳಿದ್ದು.

ಇದನ್ನು ಕೇಳಬೇಕಾಗಿದ್ದವನು ಇಲ್ಲ. ಅವನಿದ್ದಾಗ ನನ್ನ ಬಾಯಿ ಚೆನ್ನಾಗಿತ್ತು. ನಾನು ಕಾಯನ್ನು ಸರಿಮಾಡಿಕೊಂಡೆ. ಈ ಸಲ ಶುರುಮಾಡಬೇಕಾದ ಪದ "ಚಿಕ್ಕಪ್ಪ", ಚ ನನಗೆ ಇನ್ನೂ ಸರಿಯಾಗಿ ಕೂತಿಲ್ಲ. ಯಜಮಾನರು ಪೇಪರ್ ಮಡಚಿ ಪಕ್ಕಕ್ಕೆ ಇಟ್ಟರು. ನಾನು ಮತ್ತೆ ಒಂದರಿಂದ ತಟ್ಟತೊಡಗಿದೆ.